ಮೀಸೆಯ ಕೆಳಗಿನ ತಾತ

"ತಾತಾ! ನಿನ್ ಮೀಸೆ ಎಲ್ಲೋಯ್ತು?"

ಸ್ಕೂಲ್‌ಬ್ಯಾಗನ್ನು ಜಗಲಿಯ ಮೇಲೆಸೆದು ಮಾಲಿನಿ ಕಿರುಚಿದ್ದು ಧನಗೆರೆಯ ಅರ್ಧ ಬೀದಿಗೆ ಕೇಳಿಸಿತು.

ಸದಾಶಿವಪ್ಪನವರು ನುಣ್ಣನೆಯ ಮುಖವನ್ನು ಹೆಮ್ಮೆಯಿಂದ ಸವರಿಕೊಂಡರು. "ಕೊಳ್ಳೇಗಾಲಕ್ಕೆ ಓಗಿ ತೆಗಿಸ್ಕಂಡ್ ಬಂದೆ ಕಣವ್ವ. ನನ್ ಚಿತ್ರವ ನಾಕ್ ಜನ ನೋಡ್ತಾರೆ, ಚೆಂದಾಗ್ ಕಾಣ್ಬೇಡ್ವಾ?"

"ಅಯ್ಯೋ! ನಾನ್ ಅರ್ಧ ಮೀಸೆ ಬರ್ದಾಗದೆ! ನಾಳೆ ಬೆಳಿಗ್ಗೆನೇ ಕಾಂಪಿಟಿಷನ್‌ಗೆ ಕೊಡ್ಬೇಕು!"

ಮನೆಯವರೊಬ್ಬರನ್ನು ಎದುರಿಗೆ ಕೂರಿಸಿಕೊಂಡು, ಇದ್ದದ್ದನ್ನು ಇದ್ದಂತೆಯೇ ಬರೆಯಬೇಕೆಂಬುದು ಸ್ಪರ್ಧೆಯ ನಿಯಮ. ಸೀಮೆಸುಣ್ಣದಂತೆ ಮೆತ್ತಗಿರುವ ಸಾಫ್ಟ್ ಪೇಸ್ಟೆಲ್ ಬಣ್ಣಗಳನ್ನು ನಾಲ್ಕು ದಿನಗಳಿಂದ ಬೆರಳಿನಿಂದ ತೀಡಿ ತೀಡಿ, ಮಾಲಿನಿ ತಾತನ ಹಣೆಯ ವಿಭೂತಿಯನ್ನೂ ಕಣ್ಣಂಚಿನ ಸುಕ್ಕುಗಳನ್ನೂ ಹಾಳೆಗೆ ತಂದಿದ್ದಳು. ಆ ಪೊದೆಮೀಸೆಗೆ ಪಟ್ಟ ಪಾಡಂತೂ ಹೇಳತೀರದು.

ಒಳಗಿನಿಂದ ಬಂದ ಅಜ್ಜಿ ಶಂಕರಮ್ಮ ಹೊಸ್ತಿಲಲ್ಲೇ ನಿಂತರು. "ಶಿವನೇ! ಮದ್ವೆ ದಿನಾನೂ ಇವ್ರಿಗೆ ಮೀಸೆ ಇತ್ತು. ಈ ಮೂತಿಯ ನಾನೇ ಇವತ್ ನೋಡ್ತಿರದು!"

ತಾತ ತಟಕ್ಕನೆ ಟವಲಿನಿಂದ ಬಾಯಿ ಮುಚ್ಚಿಕೊಂಡರು. "ಜ್ಞಾಪಕದ್ ಮೇಲೆ ಬರ್ದ್ಬುಡು ಕಣಮ್ಮಿ."

"ಆಗಲ್ಲ ತಾತ, ರೂಲ್ಸ್ ಅದೆ. ಟವಲ್ ತೆಗಿ."

ಮಾಲಿನಿ ಬಟ್ಟೆಯ ಚೂರಿನಿಂದ ಚಿತ್ರದ ಮೀಸೆಯನ್ನು ಒರೆಸಿದಳು. ಬೂದುಬಣ್ಣ ಪೂರ್ತಿ ಹೋಗಲಿಲ್ಲ. ಟವಲು ಇಳಿಸಿ ಎದುರಿಗೆ ಕೂತ ತಾತನನ್ನು ದಿಟ್ಟಿಸಿದಳು. ಬಿಸಿಲನ್ನೇ ಕಾಣದ ಆ ಮೀಸೆಯ ಜಾಗ, ಸಿಪ್ಪೆ ಸುಲಿದ ಕಡಲೆಬೀಜದಂತೆ ಬೆಳ್ಳಗಿತ್ತು. ಅರೆ, ಇಂಥ ಬಣ್ಣ ತಾತನ ಮುಖದಲ್ಲಿತ್ತೇ! ತಿಳಿಹಳದಿ, ಬಿಳಿ, ಒಂದಿಷ್ಟು ಕಂದು. ಒಂದರ ಮೇಲೊಂದು ಬಣ್ಣ ಕೂತಂತೆ ಬೂದುಬಣ್ಣ ಮರೆಯಾಯಿತು. ಬೆರಳುಗಳು ಓಡತೊಡಗಿದವು. ಅವಳ ಮೂಗಿಗೂ ಬಣ್ಣ ಮೆತ್ತಿತು.

"ಲೇ ಮಾಲಿನಿ! ಎಷ್ಟೊತ್ತು ಅಂತ ಕೂರ್ಲಿ? ಬೆನ್ನು ಇಡ್ಕಂತದೆ, ಬಿರ್‍ರನ್ ಬರಿ!"

ಅದೇ ಗುಡುಗಿನ ದನಿ. ಹೋಂವರ್ಕ್ ಬಿಟ್ಟಾಗ, ಸೈಕಲ್ಲಿನಿಂದ ಬಿದ್ದು ಬಂದಾಗ, ಅವಳನ್ನು ಅಜ್ಜಿಯ ಸೆರಗಿನ ಹಿಂದೆ ಓಡಿಸುತ್ತಿದ್ದ ದನಿ. ಮಾಲಿನಿ ಬೆಚ್ಚಿ ತಲೆಯೆತ್ತಿದಳು.

ತಾತನ ಹುಬ್ಬು ಗಂಟಿಕ್ಕಿತ್ತು. ಕಣ್ಣು ಕೆಂಪಗಿತ್ತು. ಆದರೆ ಎಡಗಡೆಯ ತುಟಿಯಂಚು ಮಾತ್ರ, ಹೇಳಿದರೂ ಕೇಳದ ಮಗುವಿನಂತೆ, ಮೇಲಕ್ಕೆ ಎದ್ದು ನಗುತ್ತಿತ್ತು.

"ಏನಮ್ಮಿ ಅಂಗ್ ನೋಡ್ತಿಯೆ?"

"ತಾತ, ಇನ್ನೊಂದ್ಸಲ ಬಯ್ಯಿ."

"ಏಯ್, ಬರೀತಿಯೋ ಎದ್ದೋಗ್ಲೋ!"

ಮತ್ತೆ ಆ ತುಟಿ ಹಾಗೆಯೇ ಎದ್ದಿತು.

ಮಾಲಿನಿ ತಿಳಿಗೆಂಪು ಕಡ್ಡಿಯನ್ನು ಆರಿಸಿಕೊಂಡು, ಚಿತ್ರದ ಎಡತುಟಿಯ ಅಂಚನ್ನು ಕೂದಲೆಳೆಯಷ್ಟು ಮೇಲಕ್ಕೆ ತೀಡಿದಳು.