ಭಾನುವಾರದ ಪತ್ರೊಡೆ

ಕಳವು ಗೊತ್ತಾದದ್ದು ಬೆಳಗಿನ ಚಹಾದ ಹೊತ್ತಿಗೆ. ಮುಂಬಯಿಯ ಸಯನ್ನಿನ ಫ್ಲ್ಯಾಟಿನಲ್ಲಿ ಇಂಗ್ಲಿಷ್ ಪೇಪರು ಬಿಡಿಸಿದ ವಿಜೇತಾ ಹಾಗೇ ಕುಳಿತುಬಿಟ್ಟಳು. ಸದ್ಯದಲ್ಲೇ ಬರಲಿರುವ ಕಾದಂಬರಿಯೊಂದರ ಮೊದಲ ಅಧ್ಯಾಯ ಅಚ್ಚಾಗಿತ್ತು. ಉಡುಪಿ ಹೋಟೆಲಿನ ಅಡುಗೆಮನೆಯ ಕಥೆ. ಕೆಳಗೆ ಎರಡು ಸಾಲು: ಲೇಖಕ ಮುಂಬಯಿಯ ಇಪ್ಪತ್ತೊಂಬತ್ತರ ತರುಣ. ಹೆಸರು ಬಿಡುಗಡೆಯ ದಿನ ತಿಳಿಯಲಿದೆ.

"ಪಪ್ಪ, ಇದು ನಿಮ್ಮದೇ."

ಅವಳ ಪಪ್ಪ ಕೊರಗಪ್ಪ. ನಲವತ್ತೊಂದು ವರ್ಷ ಹೋಟೆಲಿನ ಒಲೆಯ ಮುಂದೆ ನಿಂತವರು. ಕೆಲಸ ಬಿಟ್ಟ ಮೇಲೆ ಆರು ವರ್ಷ ಕೂತು ಕನ್ನಡದಲ್ಲಿ ಬರೆದರು. ಮಗಳು ಇಂಗ್ಲಿಷಿಗೆ ತಂದಳು. ದೊಡ್ಡ ಪ್ರಕಾಶಕರು ನೇರವಾಗಿ ಸಿಗುವುದಿಲ್ಲ; ನಡುವೆ ಲಿಟರರಿ ಏಜೆಂಟ್ ಎಂಬವರಿದ್ದಾರೆ. ಅವರು ಮೆಚ್ಚಿದರೆ ಪುಸ್ತಕ ಮುಂದೆ ಹೋದೀತು. ಅಂಥ ಮೂವರಿಗೆ ಮೊದಲ ಮೂರು ಅಧ್ಯಾಯ ಕಳಿಸಿ ಎಂಟು ತಿಂಗಳಾಗಿತ್ತು. ಮುದುಕರಿಗೆ ಇದ್ದ ಆಸೆ ಒಂದೇ. ಸಾಯುವ ಮುಂಚೆ ತಾನು ಮಾಡಿದ ಒಂದು ವಸ್ತುವಿನ ಮೇಲೆ ತನ್ನ ಹೆಸರು ನೋಡಬೇಕು. ದೋಸೆಯ ಮೇಲೆ ಯಾರೂ ಹೆಸರು ಬರೆಯುವುದಿಲ್ಲವಲ್ಲ.

* * *

ಪೊಲೀಸ್ ಠಾಣೆಯಲ್ಲಿ ಕಥೆ ಕಳವಾಗಿದೆ ಎಂದರೆ ನಕ್ಕು ಕಳಿಸಿದರು. ಆಗ ವಿಜೇತಾ ಫೋನ್ ಮಾಡಿದ್ದು ಗೆಳತಿ ಶಿವಕುಮಾರಿಗೆ. ಶಿವಕುಮಾರಿ ಮುಂಬಯಿಯ ಕನ್ನಡ ಪತ್ರಿಕೆಯೊಂದರ ವರದಿಗಾರ್ತಿ, ವಿಜಯಪುರದ ಕಡೆಯವಳು. ಹಿಡಿದದ್ದನ್ನು ಬಿಡುವ ಪೈಕಿ ಅಲ್ಲ.

"ಏಜೆಂಟ್ರು ಏನರೆ ಉತ್ತರ ಬರದಾರೇನು?"

"ಇಬ್ಬರದು ಇಲ್ಲ. ಬಾಂದ್ರಾದ ಶೀತಲ ಮೇಡಂ ಮಾತ್ರ ಬರ್ದಿದ್ದಾರೆ. ಇಂಥದೇ ಪುಸ್ತಕ ಆಲ್ರೆಡಿ ಅವರ ಹತ್ರ ಉಂಟಂತೆ."

"ಹಂಗಾದ್ರ ಕಳ್ಳಿ ಸಿಕ್ಕಳು ಬಿಡು."

ಅಷ್ಟು ಸಲೀಸಾಗಿ ಸಿಕ್ಕಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

* * *

ಬಾಂದ್ರಾದ ಆಫೀಸಿನಲ್ಲಿ ಶೀತಲ ಸಿಟ್ಟಾಗಲಿಲ್ಲ. ಕಂಪ್ಯೂಟರನ್ನು ಸುಮ್ಮನೆ ಇತ್ತ ತಿರುಗಿಸಿ ಹಿಂದಿಯಲ್ಲಿ ಹೇಳಿದರು.

"ತಾರೀಖು ನೋಡಿ. ಆ ತರುಣನ ಪೂರ್ತಿ ಪುಸ್ತಕ ನನಗೆ ಬಂದದ್ದು ಜುಲೈಯಲ್ಲಿ. ನಿಮ್ಮ ಹಿರಿಯರ ಮೂರು ಅಧ್ಯಾಯ ಬಂದದ್ದು ಆಗಸ್ಟಿನಲ್ಲಿ. ಈಗ ಹೇಳಿ, ಯಾರು ಯಾರದನ್ನು ಕದ್ದರು?"

ಶಿವಕುಮಾರಿ ಎರಡೂ ತಾರೀಖು ಬರೆದುಕೊಂಡು ಎದ್ದಳು. ಬಾಗಿಲವರೆಗೆ ಬಂದು ಶೀತಲ ಇನ್ನೊಂದು ಮಾತು ಸೇರಿಸಿದರು. "ಗಲಾಟೆ ಬೇಡ ಅಂತ ಅವರಿಗೆ ಹೇಳಿ. ತಂಟೆ ಹತ್ತಿದ ಪುಸ್ತಕವನ್ನು ಯಾವ ಪ್ರಕಾಶಕರೂ ಮುಟ್ಟುವುದಿಲ್ಲ."

ಕಳ್ಳನನ್ನು ಹುಡುಕಲು ಹೋದವಳು ಕೊರಗಪ್ಪನವರನ್ನೇ ಕಳ್ಳರನ್ನಾಗಿ ಮಾಡಿಕೊಂಡು ವಾಪಸು ಲೋಕಲ್ ಟ್ರೈನ್ ಹತ್ತಿದಳು.

* * *

ಸಯನ್ನಿನಲ್ಲಿ ಶಿವಕುಮಾರಿ ಏಜೆಂಟರಿಗೆ ಹೋದ ಮೂರೂ ಮೇಲ್ ತೆರೆಸಿ ಪೇಪರಿನ ಪಕ್ಕದಲ್ಲಿಟ್ಟು ಓದಿದಳು. ಕಾದಂಬರಿ ಶುರುವಾಗುವುದೇ ಹೋಟೆಲಿನ ಕರಿಹಲಗೆಯಿಂದ. ಇವತ್ತಿನ ಸ್ಪೆಷಲ್ ಏನು ಎಂದು ಬರೆಯುವ ಹಲಗೆ. ಶೀತಲ ಅವರಿಗೆ ಹೋದ ಪ್ರತಿಯಲ್ಲಿ ಗೋಳಿಬಜೆ. ಎರಡನೆಯವರಿಗೆ ಬನ್ಸ್. ಮೂರನೆಯವರಿಗೆ ನೀರುದೋಸೆ. ಪೇಪರಿನಲ್ಲಿ ಪತ್ರೊಡೆ.

"ಕಾಕಾ, ಒಂದೊಂದ್ರಾಗ ಒಂದೊಂದು ತಿಂಡಿ ಐತಲ್ರಿ?"

ಕೊರಗಪ್ಪ ನಾಚಿಕೊಂಡರು. "ಅದು ನನ್ನ ಹುಚ್ಚು ಮಾರಾಯ್ತಿ. ಅಷ್ಟು ವರ್ಷ ಬೆಳಿಗ್ಗೆ ಎದ್ದು ಬೋರ್ಡು ಬರ್ದದ್ದು ನಾನೇ. ನಿನ್ನೆಯ ಬೋರ್ಡು ಇವತ್ತಿನ ಗಿರಾಕಿಗೆ ತೋರಿಸ್ಲಿಕ್ಕೆ ಉಂಟಾ? ಕಳಿಸುವ ದಿನ ಯಾವ ವಾರವೋ ಆ ವಾರದ ತಿಂಡಿ ಹಾಕು ಅಂತ ಇವಳಿಗೆ ಹೇಳಿದ್ದು."

"ನಾನು ನಗ್ತಿದ್ದೆ. ಆದ್ರೂ ಪ್ರತಿ ಸಲ ಚೇಂಜ್ ಮಾಡಿದೆ," ಅಂದಳು ವಿಜೇತಾ.

"ಪತ್ರೊಡಿ ಯಾವ ವಾರ ಮಾಡ್ತಿದ್ರಿ?"

"ಭಾನುವಾರ. ಕೆಸುವಿನ ಎಲೆಗೆ ಹಿಟ್ಟು ಹಚ್ಚಿ ಸುತ್ತಿ ಬೇಯಿಸ್ಲಿಕ್ಕೆ ಪುರುಸೊತ್ತು ಬೇಕಲ್ಲ."

"ಭಾನುವಾರ ಯಾರಿಗೆ ಕೊಟ್ರಿ?"

"ಯಾರಿಗೂ ಇಲ್ಲ," ಅಂದವಳೇ ವಿಜೇತಾ ಪೇಪರನ್ನು ಮತ್ತೆ ನೋಡಿದಳು. ಕೊರಗಪ್ಪ ಆಗಲೇ ಕಿಟಕಿಯ ಕಡೆ ತಿರುಗಿದ್ದರು.

"ಮನೀಶ್," ಅವಳ ದನಿ ಇಳಿಯಿತು. "ನನ್ನ ಅಣ್ಣ. ಏಜೆಂಟರಿಗೆ ಕಳಿಸುವ ಮುಂಚೆ ಒಮ್ಮೆ ಓದ್ತೇನೆ ಅಂದಿದ್ದ. ಮೇ ತಿಂಗಳಲ್ಲಿ ಒಂದು ಭಾನುವಾರ ಪೂರ್ತಿ ಪುಸ್ತಕ ಪೆನ್‌ಡ್ರೈವಲ್ಲಿ ಕೊಟ್ಟೆ. ಅವನಿಗೂ ಬೋರ್ಡು ಬದಲಿಸ್ಬೇಕು ಅಂತ ಪಪ್ಪ ಹಟ ಮಾಡಿದ್ರು."

ಮನೆಯವರನ್ನು ಯಾರು ಎಣಿಸುತ್ತಾರೆ?

* * *

ಸಂಜೆ ಚೆಂಬೂರಿನಿಂದ ಮನೀಶ್ ಬಂದ. ಶಿವಕುಮಾರಿ ಸುತ್ತಿ ಬಳಸಲಿಲ್ಲ.

"ಏಜೆಂಟರ ಕಡಿಂದ ಸೋರಿದ್ರ ಗೋಳಿಬಜಿ, ಬನ್ಸು, ಇಲ್ಲಾ ನೀರುದ್ವಾಸಿ ಇರಬೇಕಿತ್ತು. ಪತ್ರೊಡಿ ಇದ್ದ ಪ್ರತಿ ಒಂದ ಒಂದು. ಅದು ಮೇ ತಿಂಗಳಿಂದ ನಿಮ್ಮ ಕೈಯಾಗಿತ್ತು. ಶೀತಲ ಅವರಿಗೆ ಮುಟ್ಟಿದ್ದು ಜುಲೈದಾಗ. ಇಪ್ಪತ್ತೊಂಬತ್ತರ ತರುಣ ನೀವ ಅಲ್ಲೇನ್ರಿ?"

ಮನೀಶ್ ಇಲ್ಲವೆನ್ನಲಿಲ್ಲ. ಅಪ್ಪನ ಮುಖ ನೋಡಲೂ ಇಲ್ಲ.

"ಮೊದ್ಲು ಪಪ್ಪನ ಹೆಸರಲ್ಲೇ ಹನ್ನೊಂದು ಏಜೆಂಟರಿಗೆ ಕಳಿಸಿದ್ದೆ. ಸರ್‌ಪ್ರೈಸ್ ಕೊಡುವ ಅಂತ. ವಯಸ್ಸು ಎಪ್ಪತ್ತೆರಡು, ಕೆಲಸ ಅಡುಗೆ. ಒಬ್ಬರೂ ಜವಾಬು ಕೊಡ್ಲಿಲ್ಲ. ಆಮೇಲೆ ಶೀತಲ ಮೇಡಮ್ಮಿಗೆ ನನ್ನ ಹೆಸರು, ನನ್ನ ಫೋಟೋ ಹಾಕಿ ಕಳಿಸಿದೆ. ನಾಲ್ಕು ದಿನದಲ್ಲಿ ಫೋನ್ ಬಂತು. ಹೇಳುವ ಅಂತಲೇ ಇದ್ದೆ. ಆದ್ರೆ ಎಲ್ಲರೂ ನನ್ನನ್ನೇ ಹೊಗಳಿದ್ರು. ಅಚ್ಛಾ ಲಗಾ, ಪಪ್ಪ, ಖುಷಿ ಆಯ್ತು."

"ಪೇಪರಿಗೆ ಕೊಡುವ, ಎಲ್ಲರಿಗೂ ಗೊತ್ತಾಗ್ಲಿ!" ವಿಜೇತಾ ಅಳುತ್ತಿದ್ದಳು.

"ಕೊಡು. ಪುಸ್ತಕ ನಿಲ್ಲಿಸ್ತಾರೆ. ಆಮೇಲೆ ಅದನ್ನು ಪಪ್ಪನ ಹೆಸರಲ್ಲೂ ಯಾರೂ ತರುವುದಿಲ್ಲ."

ಅದು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು! ಶೀತಲ ಬಾಗಿಲಲ್ಲಿ ನಿಂತು ಹೇಳಿದ್ದೂ ಅದನ್ನೇ. ಕಳ್ಳ ಎದುರಿಗೇ ಕೂತಿದ್ದ. ಕದ್ದದ್ದನ್ನು ವಾಪಸು ಕೊಡಿಸುವ ದಾರಿ ಶಿವಕುಮಾರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷದ ವರದಿಗಾರಿಕೆಯಲ್ಲಿ ಅವಳಿಗೆ ಮೊದಲ ಸಲ ತನ್ನ ಕೆಲಸದ ಮೇಲೇ ಅಸಹ್ಯವಾಯಿತು. ಅವಳು ತನ್ನ ಟಿಪ್ಪಣಿ ಪುಸ್ತಕ ಮುಚ್ಚಿ ಪೆನ್ನು ಒಳಗಿಟ್ಟಳು.

ಕೊರಗಪ್ಪ ಪೇಪರನ್ನು ಎಳೆದುಕೊಂಡರು. ಅವರಿಗೆ ಇಂಗ್ಲಿಷ್ ಓದಲು ಬಾರದು.

"ಪತ್ರೊಡೆ ಅಂತ ಎಲ್ಲಿ ಉಂಟು?"

ವಿಜೇತಾ ಅವರ ಬೆರಳು ಹಿಡಿದು ಆ ಪದದ ಮೇಲೆ ಇಟ್ಟಳು. ಬಹಳ ಹೊತ್ತು ಅವರು ಬೆರಳು ತೆಗೆಯಲಿಲ್ಲ. ಕೊನೆಗೆ ಮಗನಿಗೆ ಹೇಳಿದರು.

"ಇದೊಂದು ತೆಗೀಬೇಡಿ ಅಂತ ಹೇಳು ನಿನ್ನ ಮೇಡಮ್ಮಿಗೆ. ಆ ದಿನ ಬೋರ್ಡು ಬರ್ದದ್ದು ಯಾರು ಅಂತ ಈ ಮನೆಯಲ್ಲಾದ್ರೂ ಗೊತ್ತಿರ್ಲಿ."