ಗೇಟು ಹೇಗಿತ್ತೋ ಹಾಗೆ

"ಆ ಗೇಟು ಮುಚ್ಚಿದ್ದು ಯಾರು?"

ರೆನೇ ಆಗಷ್ಟೇ ಕಾಫಿಗೆ ನೀರಿಟ್ಟಿದ್ದಳು. ತಲೆಯೆತ್ತಿ ನೋಡಿದರೆ, ಕೆರೆ ದಂಡೆಯ ಹುಲ್ಲನ್ನು ಮೊಣಕಾಲಿನಿಂದ ಸರಿಸಿಕೊಂಡು ಒಬ್ಬ ಎತ್ತರದ ಗಂಡಸು ಬರುತ್ತಿದ್ದ. ಹಿಂದೆ ಕಿವಿ ಹರಿದ ಒಂದು ನಾಯಿ. ಇಬ್ಬರ ಮುಖದಲ್ಲೂ ಒಂದೇ ಬಗೆಯ ಸಿಟ್ಟು.

"ನಾನೇ," ಅಂದಳು, ಸ್ವಲ್ಪ ಹೆಮ್ಮೆಯಿಂದಲೇ. ಹಿಂದಿನ ಸಂಜೆ ಆ ಮುಳ್ಳುತಂತಿಯ ಗೇಟಿನ ಜೊತೆ ಪಟ್ಟ ಪಾಡು ಅವಳಿಗೇ ಗೊತ್ತು. ಮೊಣಕೈಯ ಗೀರು ಇನ್ನೂ ಉರಿಯುತ್ತಿತ್ತು. "ಯಾರೋ ತೆಗೆದಿಟ್ಟು ಹೋಗ್ಬಿಟ್ಟಿದ್ರು. ದನ ಎಲ್ಲಾದ್ರೂ ಹೊರಟುಹೋದ್ರೆ ಅಂತ ಮುಚ್ಚಿದೆ."

"ತೆಗೆದಿಟ್ಟು ಹೋಗಿದ್ದು ನಾನು."

"ಓ."

"ಆ ಕಡೆ ಇರೋ ದನಕ್ಕೆಲ್ಲ ನೀರು ಅಂತ ಇರೋದು ಈ ಕೆರೆ ಒಂದೇ ಮೇಡಂ. ರಾತ್ರಿಯೆಲ್ಲ ಗೇಟಿನ ಹತ್ರ ನಿಂತು ಕೂಗಿವೆ. ನಿಮಗೆ ಕೇಳಿಸ್ಲಿಲ್ವಾ?"

ಕೇಳಿಸಿತ್ತು. ಹುಲ್ಲುಗಾವಲಿನ ರಾತ್ರಿ ಅಂದರೆ ಹೀಗೇ ಇರಬೇಕು ಅಂದುಕೊಂಡು, ಆ ಕೂಗನ್ನೇ ಜೋಗುಳ ಮಾಡಿಕೊಂಡು ಅವಳು ನಿದ್ದೆಹೋಗಿದ್ದಳು. ಅದನ್ನು ಹೇಳಲು ಬಾಯಿ ಬರಲಿಲ್ಲ.

"ಇಲ್ಲಿರೋದು ಒಂದೇ ನಿಯಮ," ಅವನ ದನಿ ಸ್ವಲ್ಪ ತಣಿಯಿತು. "ಗೇಟು ತೆಗೆದಿದ್ರೆ ತೆಗೆದೇ ಬಿಡಿ. ಮುಚ್ಚಿದ್ರೆ, ದಾಟಿದ ಮೇಲೆ ಮತ್ತೆ ಮುಚ್ಚಿ. ಹೇಗಿತ್ತೋ ಹಾಗೆ. ಯೋಚನೆ ಮಾಡೋ ಕೆಲಸ ನಮಗಿರಲಿ." ವ್ಯಾನಿನ ಬಾಗಿಲ ಬಳಿಯಿದ್ದ ದೊಡ್ಡ ಬೂಟುಗಳ ಕಡೆ ಅವನ ಕಣ್ಣು ಹೋಯಿತು. "ನಿಮ್ಮ ಯಜಮಾನ್ರಿಗೂ ಹೇಳಿಬಿಡಿ."

"ಮಲಗಿದ್ದಾರೆ. ಎದ್ದಮೇಲೆ ಹೇಳ್ತೀನಿ."

ಅವನು ಟೊಪ್ಪಿಗೆಯ ಅಂಚನ್ನು ಮುಟ್ಟಿ, ಅವಳಿಗೊಂದು ಬೂಟಿಗೊಂದು ಎಂಬಂತೆ ಎರಡು ಸಲ ತಲೆಬಾಗಿಸಿ ಹೊರಟ. ನಾಲ್ಕು ಹೆಜ್ಜೆ ಹೋಗಿ ತಿರುಗಿದ.

"ಅಷ್ಟು ಬಿಗಿ ಗೇಟು. ನೀವೊಬ್ರೇ ಮುಚ್ಚಿದ್ರಾ?"

"ಒಬ್ಳೇ."

"ನನ್ನ ತಮ್ಮನ ಕೈಲೂ ಆಗಲ್ಲ ಅದು." ತುಟಿಯ ಒಂದು ಮೂಲೆ ಮಾತ್ರ ಮೇಲೇರಿ, ತಪ್ಪು ಮಾಡಿದಂತೆ ಕೆಳಗಿಳಿಯಿತು.

ಬೂಟು ಅವಳ ಗಂಡ ಡೇಲ್‌ನದು. ಡೇಲ್ ತೀರಿಕೊಂಡು ಮೂರು ವರ್ಷವಾಗಿತ್ತು. ಒಂಟಿ ಹೆಂಗಸು ಬಯಲಲ್ಲಿ ತಂಗುವಾಗ ಬಾಗಿಲ ಹೊರಗೆ ಗಂಡಸಿನ ಬೂಟು ಇಟ್ಟುಕೊಳ್ಳಬೇಕು, ದಾರಿಹೋಕರು ಒಳಗೊಬ್ಬ ಇದ್ದಾನೆ ಅಂದುಕೊಳ್ಳುತ್ತಾರೆ. ಹೀಗೆ ತಿರುಗುವ ಹೆಂಗಸರೆಲ್ಲ ಒಬ್ಬರಿಗೊಬ್ಬರು ಹೇಳಿಕೊಡುವ ಉಪಾಯ ಅದು. ಬೆಳಿಗ್ಗೆ ಮೊದಲು ಬಾಗಿಲ ಹೊರಗಿನ ಬೂಟು ನೇರ ಮಾಡಿಡುವುದು, ಆಮೇಲೆ ಕಾಫಿ. ಗಂಡ ಬದುಕಿದ್ದಾಗಲೂ ಅವಳ ದಿನ ಹೆಚ್ಚುಕಡಿಮೆ ಹೀಗೇ ಶುರುವಾಗುತ್ತಿತ್ತು.

ಡೇಲ್‌ಗೆ ತಂಗಲು ಕರೆಂಟು, ನಲ್ಲಿ, ಪಕ್ಕದಲ್ಲಿ ಜನ ಇರುವ ಜಾಗವೇ ಆಗಬೇಕಿತ್ತು. ಅವಳಿಗೆ ಅಂಥ ಕಡೆ ಈಗ ಹೋಗಲಾಗುತ್ತಿರಲಿಲ್ಲ. ಪಕ್ಕದ ಟೆಂಟಿನಲ್ಲಿ ಯಾರೋ ಯಾರಿಗೋ "ಸ್ವೆಟರ್ ಹಾಕ್ಕೋ" ಅಂದರೂ ಸಾಕು, ಅವಳು ಎದ್ದು ವ್ಯಾನಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅದಕ್ಕೇ ನಕ್ಷೆ ಬಿಡಿಸಿ ಹುಡುಕುತ್ತಿದ್ದಳು. ಹಸಿರು ಚೌಕ ಸರ್ಕಾರದ ಹುಲ್ಲುಗಾವಲು, ಅಲ್ಲಿ ಯಾರಾದರೂ ಪುಕ್ಕಟೆ ತಂಗಬಹುದು. ಬಿಳಿ ಚೌಕ ಯಾರದೋ ಸ್ವಂತ ಜಮೀನು. ಹಸಿರೊಳಗೆ ಹೆಸರಿಲ್ಲದ ಒಂದು ನೀಲಿ ಚುಕ್ಕೆ, ಅದರ ತನಕ ಹೋಗಿ ಅಳಿಸಿಹೋಗುವ ಒಂದು ಚಕ್ಕಡಿ ದಾರಿ ಸಿಕ್ಕರೆ ಅವಳಿಗೆ ಹಬ್ಬ. ಅಲ್ಲಿ ಯಾರೋ ಹಿಂದೆ ಬೆಂಕಿ ಹಾಕಿದ ಕಲ್ಲುಗಳ ಉಂಗುರ ಇರುತ್ತದೆ. ಬೇರೇನೂ ಇರುವುದಿಲ್ಲ. ಅಮೆರಿಕದ ಈ ಡಕೋಟ ಬಯಲಿನ ಗಾಳಿಗೆ ವ್ಯಾನಿನ ಮೂತಿ ತಿರುಗಿಸಿ ನಿಲ್ಲಿಸಿದರೆ ಮನೆ ಕಟ್ಟಿದ ಹಾಗೆ.

ಹೊರಡುವಾಗ ಅವಳು ಕಾಫಿ ಚರಟವನ್ನೂ ಬಿಟ್ಟು ಬರುತ್ತಿರಲಿಲ್ಲ. ಹುಲ್ಲನ್ನು ಕೈಯಿಂದ ಎಬ್ಬಿಸಿ ನಿಲ್ಲಿಸಿ, ತಾನು ಇದ್ದ ಗುರುತನ್ನೇ ಅಳಿಸಿ ಹೋಗುತ್ತಿದ್ದಳು. ಅದರಲ್ಲಿ ಅವಳು ತುಂಬಾ ಪಳಗಿದ್ದಳು.

ಫೋನಿಗೆ ಸಿಗ್ನಲ್ ಸಿಗುವುದು ಗೇಟಿನ ದಿಬ್ಬದ ಮೇಲೆ ಮಾತ್ರ. ಹಾಗಾಗಿ ದಿನಾ ಸಂಜೆ ಅಲ್ಲಿಗೆ ನಡೆಯಬೇಕಿತ್ತು.

"ಅಮ್ಮ, ಎಲ್ಲಿದ್ದೀಯ ಈಗ?" ಮಗಳು ಆನಿಕಾ. ಅವಳಿಗೆ ದಿನ ತುಂಬುತ್ತಾ ಬಂದಿತ್ತು.

"ಹುಲ್ಲಿನ ಮಧ್ಯ."

"ತಮಾಷೆ ಬೇಡ. ಕೆಳಗಿನ ರೂಮಿಗೆ ಬಣ್ಣ ಹೊಡೆಸಿದ್ದೀವಿ. ಮಗು ಹುಟ್ಟೋದರೊಳಗೆ ಬಂದ್ಬಿಡು. ಬಂದ್ಮೇಲೆ ಆ ವ್ಯಾನು ಮಾರಿಬಿಡಮ್ಮ, ಸಾಕು. ಅಪ್ಪ ಹೋದಮೇಲೆ ನೀನು ಎಲ್ಲೂ ಕೂತೇ ಇಲ್ಲ."

"ಬರ್ತೀನಿ ಕಂದ. ವ್ಯಾನಿನ ವಿಷಯ ಆಮೇಲೆ ನೋಡೋಣ."

ಮಾರುವುದು ಬೇಡ ಅನ್ನುವುದಕ್ಕೆ ಕಾರಣವೇನೂ ಇರಲಿಲ್ಲ. ಮಗಳನ್ನು ಬಿಟ್ಟರೆ ಅವಳಿಗಾಗಿ ಎಲ್ಲೂ ಯಾರೂ ಕಾಯುತ್ತಿರಲಿಲ್ಲ.

ಫೋನು ಇಳಿಸಿ ನೋಡಿದರೆ, ಗೇಟಿನ ಆಚೆ ಟ್ರಕ್ಕಿಗೆ ಒರಗಿ ಆ ಎತ್ತರದ ಗಂಡಸು ನಿಂತಿದ್ದ. ಅವನ ಮನೆಯಲ್ಲೂ ಮೊಬೈಲ್ ಸಿಗ್ನಲ್ ಇರಲಿಲ್ಲವಂತೆ.

"ನಾನೇನೂ ಕೇಳಿಸ್ಕೊಳ್ಳಲಿಲ್ಲ," ಅಂದ. "ಹುಡುಗನಾ ಹುಡುಗಿಯಾ?"

ರೆನೇಗೆ ನಗು ಬಂತು. ನಕ್ಕು ಎಷ್ಟು ದಿನವಾಗಿತ್ತೋ, ಗಂಟಲಿನಲ್ಲಿ ಅದು ಕೆಮ್ಮಿನ ಹಾಗೆ ತೊಡರಿಕೊಂಡಿತು.

ಅವನ ಹೆಸರು ವರ್ಲಿನ್. ಅವನ ತಾತನ ಕಾಲದಿಂದ ಆ ಹುಲ್ಲುಗಾವಲಿನಲ್ಲಿ ಅವರದೇ ದನ ಮೇಯುತ್ತಿದ್ದವು. ಮರುದಿನ ಅವನು ಅವಳಿಗೆ ಗೇಟು ಮುಚ್ಚುವುದನ್ನು ಕಲಿಸಿದ.

"ಕೈಯಿಂದ ಎಳೀಬೇಡಿ. ತಬ್ಕೊಳ್ಳಿ. ತಂತಿ ತುದಿಯ ಈ ಕಡ್ಡಿ, ಬೇಲಿಯ ಆ ಗೂಟ, ಎರಡನ್ನೂ ತೋಳೊಳಗೆ ತಗೊಂಡು ಹೆಗಲು ಕೊಡಿ. ಹಾಂ. ಈಗ ಗೂಟದ ಕುಣಿಕೆಯನ್ನ ಕಡ್ಡಿ ತಲೆಗೆ ಹಾಕಿ."

"ಹೀಗಾ?"

"ಇನ್ನೂ ಬಿಗಿಯಾಗಿ. ಸಿಟ್ಟು ಬಂದಿದೆ, ಆದ್ರೆ ಬಿಟ್ಟು ಕಳಿಸೋಕೆ ಮನಸ್ಸಿಲ್ಲ. ಅಂಥವರನ್ನ ಹಿಡ್ಕೊಂಡ ಹಾಗೆ."

ಅವಳು ಗೂಟದ ಈಚೆಯಿಂದ ನೋಡಿದಳು. ಅವನು ತಟ್ಟನೆ ಮೋಡ ನೋಡಲು ಶುರುಮಾಡಿದ. ಮೋಡವೇ ಇರಲಿಲ್ಲ. ಟೊಪ್ಪಿಗೆಯ ನೆರಳಿನಲ್ಲೂ ಅವನ ಕಿವಿ ಕೆಂಪಾಗಿದ್ದು ಕಾಣುತ್ತಿತ್ತು.

"ಕುಣಿಕೆ ತಲೆಕೆಳಗು ಹಾಕಿದ್ರಿ," ಅಂದ.

"ನಿಂತ್ಕೊಂಡಿದೆಯಲ್ಲ?"

"ನಿಂತ್ಕೊಂಡಿದೆ. ಪರವಾಗಿಲ್ಲ. ಇನ್ನೊಂದು ಸಲ ಯಾವುದಾದ್ರೂ ಗೇಟು ಮುಚ್ಚಬೇಕು ಅನ್ನಿಸಿದ್ರೆ ಮೊದ್ಲು ನನಗೊಂದು ಫೋನ್ ಮಾಡಿ, ಅಷ್ಟೇ." ಹಾಗಂತ ಮನೆಯ ಲ್ಯಾಂಡ್‌ಲೈನ್ ನಂಬರ್ ಹೇಳಿದ.

ಅಂದಿನಿಂದ ದನಗಳನ್ನು ನೋಡುವ ನೆಪದಲ್ಲಿ ಅವನು ಕೆರೆಗೆ ಬರತೊಡಗಿದ. ಬರುವಾಗ ಕುಕೆನ್ ತರುತ್ತಿದ್ದ, ಹಾಲಿನ ಕೆನೆ ಮತ್ತು ಪೀಚ್ ಹಣ್ಣು ಹಾಕಿ ಬೇಯಿಸಿದ ಸಿಹಿ. ಅವನೇ ಮಾಡಿದ್ದು. ಪ್ರತಿ ಸಲವೂ ಎರಡು ತುಂಡು.

"ನಿಮಗೊಂದು, ಯಜಮಾನ್ರಿಗೊಂದು. ಎದ್ದಿದ್ದಾರಾ?"

"ಈಗ ತಾನೇ ಮಲಗಿದ್ರು."

"ನಿದ್ದೆ ಚೆನ್ನಾಗಿದೆ ಅವರದು."

"ಮೊದ್ಲಿಂದಲೂ."

ಕೆರೆಯಲ್ಲಿ ದಕ್ಷಿಣಕ್ಕೆ ಹೊರಟ ಬಾತುಗಳು ಇಳಿಯುತ್ತಿದ್ದವು, ಏಳುತ್ತಿದ್ದವು. ದನಗಳು ನೀರು ಕುಡಿದು, ವ್ಯಾನಿಗೆ ಮೈಯುಜ್ಜಿ ಹೋಗುತ್ತಿದ್ದವು. ಇಬ್ಬರೂ ಬೆಂಕಿಯ ಉಂಗುರದ ಎದುರುಬದುರು ಕೂತು ಹೆಚ್ಚೇನೂ ಮಾತಾಡುತ್ತಿರಲಿಲ್ಲ. ಒಂದು ಸಂಜೆ ಮಾತ್ರ, ಕೇಳದೆಯೇ, ಅವನು ಹೇಳಿದ.

"ನನಗೂ ಮದುವೆ ಆಗಿತ್ತು. ಅವಳು ಪೇಟೆಯವಳು. ಈ ಗಾಳಿ ಅವಳಿಗೆ ಆಗಿಬರ್ಲಿಲ್ಲ. ಹೊರಡ್ತೀನಿ ಅಂದಾಗ ಇರು ಅಂದೆ. ಇದ್ಲು. ಇನ್ನೂ ಎರಡು ಚಳಿಗಾಲ ಇದ್ಲು, ನನಗೋಸ್ಕರ. ಕಿಟಕಿ ಹತ್ರ ಕೂತು ಬಾಡಿಹೋದ್ಲು. ಆಮೇಲೆ ನಾನೇ ಕಾರು ಹತ್ತಿಸಿ ಕಳಿಸಿದೆ." ಕಡ್ಡಿಯಿಂದ ಕೆಂಡ ಕೆದಕಿದ. "ಅವತ್ತೇ ಅಂದ್ಕೊಂಡೆ. ಇನ್ನು ಯಾರಿಗೂ ಇರು ಅನ್ನಲ್ಲ."

ರೆನೇ ಬೆಂಕಿಗೆ ಇನ್ನೊಂದು ಕಡ್ಡಿ ಇಟ್ಟಳು. ಅವಳಿಗೆ ಮೂರು ವರ್ಷದಲ್ಲಿ ಮೊದಲ ಬಾರಿಗೆ ಒಂದು ಜಾಗದಲ್ಲಿ ಇರಬೇಕು ಅನ್ನಿಸತೊಡಗಿತ್ತು. ಅದೂ ಇರು ಅನ್ನದವನ ಪಕ್ಕದಲ್ಲಿ.

ಮಳೆ ಬಂದದ್ದು ಆ ವಾರವೇ. ಆ ಕಡೆಯ ಜೇಡಿಮಣ್ಣು ಒಣಗಿದರೆ ಕಲ್ಲು, ನೆನೆದರೆ ಅಂಟು. ಬೆಳಿಗ್ಗೆ ನೋಡಿದರೆ ವ್ಯಾನಿನ ಚಕ್ರ ಅರ್ಧ ಹೂತಿತ್ತು. ಕೆಸರಿನಲ್ಲಿ ಕಾಲೆಳೆಯುತ್ತಾ ದಿಬ್ಬ ಹತ್ತಿ ಅವಳು ಫೋನ್ ಮಾಡಿದಳು.

"ಯಾವ ಗೇಟು?" ಅಂದ ವರ್ಲಿನ್.

"ಗೇಟಲ್ಲ ಮಾರಾಯ್ರೇ. ಚಕ್ರ."

ಟ್ರಕ್ಕು ಬರುವ ಹಾಗಿರಲಿಲ್ಲ. ಅವನು ಕುದುರೆ ಮೇಲೆ ಬಂದ, ಕೋಟಿನೊಳಗೆ ಬಿಸಿ ಸೂಪಿನ ಫ್ಲಾಸ್ಕು ಇಟ್ಟುಕೊಂಡು. ಮಣ್ಣು ಒಣಗುವವರೆಗೆ ಏನೂ ಮಾಡುವಂತಿಲ್ಲ ಎಂದು ಚಕ್ರ ನೋಡಿ ಹೇಳಿದ. ಆಮೇಲೆ ಬಾಗಿಲ ಬಳಿ ಬಗ್ಗಿದ. ರಾತ್ರಿಯ ಮಳೆಯಲ್ಲಿ ಬೂಟು ಹೊರಗೇ ಉಳಿದು, ಎರಡರಲ್ಲೂ ನೀರು ತುಂಬಿತ್ತು. ಅವನು ಒಂದೊಂದನ್ನೇ ಎತ್ತಿ ನೀರು ಚೆಲ್ಲಿ, ಒಳಗಿನ ನಾಲಿಗೆ ಎಳೆದು ಬಿಡಿಸಿ, ಗಾಳಿಯಾಡುವ ಹಾಗೆ ಎರಡು ಗೂಟಕ್ಕೆ ಕವುಚಿಟ್ಟ. ಮಲಗಿದವರನ್ನು ಎಬ್ಬಿಸಬಾರದು ಎಂಬಷ್ಟು ಮೆಲ್ಲಗೆ.

ಅದನ್ನು ನೋಡಿ ರೆನೇಗೆ ತಡೆಯಲಾಗಲಿಲ್ಲ.

"ಅವರು ಏಳಲ್ಲ ವರ್ಲಿನ್. ತೀರಿಕೊಂಡು ಮೂರು ವರ್ಷ ಆಯ್ತು."

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಎರಡನೇ ದಿನದಿಂದ. ಬೂಟಿನ ಬಾಯಿಗೆ ಜೇಡ ಬಲೆ ಕಟ್ಟಿತ್ತು."

"ಮತ್ತೆ ಎರಡೆರಡು ತುಂಡು ಯಾಕೆ ತರ್ತಿದ್ರಿ?"

ಅವನು ಕೈಯ ಕೆಸರನ್ನು ಪ್ಯಾಂಟಿಗೆ ಒರೆಸಿಕೊಂಡ. "ಒಂದೇ ತಂದಿದ್ರೆ, ನನಗೆ ಗೊತ್ತಾಗಿದೆ ಅಂತ ನಿಮಗೆ ಗೊತ್ತಾಗ್ತಿತ್ತು. ಆಮೇಲೆ ರಾತ್ರಿ ನಿಮಗೆ ನಿದ್ದೆ ಬರ್ತಿರಲಿಲ್ಲ."

ಗಾಳಿ ಬೀಸಿತು. ಕವುಚಿಟ್ಟ ಬೂಟುಗಳು ಗೂಟದ ಮೇಲೆ ಅಲ್ಲಾಡಿದವು. ರೆನೇ ಅಳುತ್ತಿದ್ದಳು, ಆದರೆ ಸೂಪು ಆರುತ್ತದೆ ಎಂದು ಬಟ್ಟಲು ಹುಡುಕುತ್ತಲೂ ಇದ್ದಳು.

"ಅವರ ಪಾಲಿನ ತುಂಡು ಏನಾಗ್ತಿತ್ತು?" ಅವನು ಕೇಳಿದ.

"ನಾನೇ ತಿಂತಿದ್ದೆ."

"ಅದೂ ಅಂದ್ಕೊಂಡಿದ್ದೆ. ಗೇಟು ಎಳೆಯೋದರಲ್ಲಿ ಈಚೆಗೆ ಜೋರಾಗಿದ್ದೀರ."

"ನೀನು ತರೋದು ಬಿಡು, ನಾನು ತಿನ್ನೋದು ಬಿಡ್ತೀನಿ."

ಮಣ್ಣು ಒಣಗಿತು. ಚಕ್ರ ಮೇಲೆದ್ದಿತು. ಚಳಿ ಬಿಗಿಯಾಗಿ, ಬೆಳಗಿನ ಹುಲ್ಲು ಬೆಳ್ಳಗೆ ಹೆಪ್ಪುಗಟ್ಟಲು ಶುರುವಾಯಿತು. ಒಂದು ದಿನ ವರ್ಲಿನ್ ಮತ್ತು ಅವನ ತಮ್ಮ ಬಂದು ದನಗಳನ್ನೆಲ್ಲ ಚಳಿಗಾಲಕ್ಕೆ ಮನೆಯ ಹೊಲಕ್ಕೆ ಹೊಡೆದುಕೊಂಡು ಹೋದರು. ಆ ಸಂಜೆ ಕೆರೆಯ ಸುತ್ತ ಒಂದು ಗೊರಸಿನ ಸದ್ದೂ ಇರಲಿಲ್ಲ. ದಿಬ್ಬದ ಮೇಲೆ ಆನಿಕಾ ದನಿ ಮಾತ್ರ. "ಅಮ್ಮ, ಡಾಕ್ಟರು ಬೇಗ ಆಗಬಹುದು ಅಂದ್ರು. ಬರ್ತೀಯ ತಾನೇ?"

"ನಾಳೇನೇ ಹೊರಡ್ತೀನಿ."

ವರ್ಲಿನ್ ಗೇಟನ್ನು ಪೂರ್ತಿ ಸರಿಸಿ, ಬೇಲಿಗೆ ಒರಗಿಸಿ ಕಟ್ಟುತ್ತಿದ್ದ. "ಇನ್ನು ವಸಂತದವರೆಗೂ ತೆಗೆದೇ ಇರುತ್ತೆ. ಒಳಗೆ ಕಾಯೋಕೆ ಏನೂ ಇಲ್ಲವಲ್ಲ."

"ಏನೂ ಇಲ್ವಾ?"

ಅವನು ತಂತಿಯ ಗಂಟನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. ಬಾಯಿ ತೆರೆದ. ಒಂದು ಕ್ಷಣ ಆ ಮಾತು ಅವನ ನಾಲಿಗೆಯ ತುದಿಯಲ್ಲೇ ಇರುವುದು ರೆನೇಗೆ ಕಂಡಿತು. ಎರಡೇ ಅಕ್ಷರ.

"ದಾರೀಲಿ ಹಿಮ ಇರಬಹುದು," ಅಂದ. "ನಿಧಾನ ಹೋಗು."

ಮಾರನೆಯ ಬೆಳಿಗ್ಗೆ ಅವನು ಬರಲಿಲ್ಲ. ಬಂದಿದ್ದರೆ ಏನನ್ನಾದರೂ ಹೇಳಬೇಕಾಗುತ್ತಿತ್ತು. ರೆನೇ ಎಂದಿನಂತೆ ಬೂದಿ ಆರಿಸಿದಳು, ಹುಲ್ಲು ಎಬ್ಬಿಸಿದಳು, ಬಿದ್ದ ಕಡ್ಡಿಯನ್ನೂ ಹೆಕ್ಕಿಕೊಂಡಳು. ಕೊನೆಗೆ ಬೂಟುಗಳನ್ನು ಕೈಗೆತ್ತಿಕೊಂಡು, ವ್ಯಾನಿನ ಬಾಗಿಲಲ್ಲಿ ನಿಂತೇ ಇದ್ದಳು. ಡೇಲ್‌ನ ಹೆಬ್ಬೆರಳು ಒತ್ತಿ ಉಬ್ಬಿದ ಜಾಗವನ್ನು ಒಮ್ಮೆ ಸವರಿದಳು. ಆಮೇಲೆ ಬೆಂಕಿಯ ಕಲ್ಲುಗಳ ಕಡೆ ಹಿಂದಿರುಗಿ ನಡೆದಳು.

ದಿಬ್ಬದ ಮೇಲೆ ಗೇಟು ತೆಗೆದೇ ಇತ್ತು. ಅವಳು ದಾಟಿದಳು. ನಿಯಮದ ಪ್ರಕಾರ ಅಲ್ಲಿಗೆ ಮುಗಿಯಬೇಕಿತ್ತು. ವ್ಯಾನು ನಿಲ್ಲಿಸಿ ಇಳಿದು ಬಂದು, ಅವನು ಕಟ್ಟಿದ ಗಂಟು ಬಿಚ್ಚಿದಳು. ತಂತಿ ಎಳೆದು ತಂದು, ಕಡ್ಡಿ ಗೂಟ ಎರಡನ್ನೂ ತೋಳೊಳಗೆ ತೆಗೆದುಕೊಂಡು, ಕೆನ್ನೆಗೆ ತಣ್ಣನೆಯ ಮರ ಒತ್ತುವಷ್ಟು ಬಿಗಿಯಾಗಿ ತಬ್ಬಿ, ಕುಣಿಕೆ ಹಾಕಿದಳು.

ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಫೋನು ಬಂತು. ಅತ್ತ ಕಡೆಯಿಂದ ಮೊದಲು ಗಾಳಿಯ ಸದ್ದು. ಅವನು ದಿಬ್ಬದ ಮೇಲಿದ್ದ.

"ಯಾರೋ ನನ್ನ ಗೇಟು ಮುಚ್ಚಿದ್ದಾರೆ."

"ಯಾರಂತೆ?"

"ಕುಣಿಕೆ ತಲೆಕೆಳಗಿದೆ. ತೆಗೆದು ಕೆರೆ ಹತ್ರ ಹೋಗಿದ್ದೆ ರೆನೇ. ಒಲೆ ಕಲ್ಲಿನ ಪಕ್ಕ ಬೂಟು ಮರೆತು ಹೋಗಿದ್ದೀಯ."

"ಮರೆತಿಲ್ಲ."

"ನೀನು ಎಲ್ಲೂ ಏನೂ ಬಿಟ್ಟು ಹೋಗೋಳಲ್ಲ."

"ಹೌದು. ಇದೇ ಮೊದಲು."

"ಅದಿಲ್ದೆ ದಾರೀಲಿ ನಿನ್ನ ಯಾರು ಕಾಯ್ತಾರೆ?"

"ಈಗ ಹೋಗ್ತಿರೋದು ಮಗಳ ಮನೆಗೆ, ಬೇಕಾಗಲ್ಲ. ಮಗುಗೆ ಸ್ವಲ್ಪ ಕತ್ತು ನಿಲ್ಲಲಿ. ಹುಲ್ಲು ಹಸಿರಾದ ಮೇಲೆ ಬರ್ತೀನಿ. ವ್ಯಾನು ಮಾರಲ್ಲ." ಅವಳು ಉಸಿರೆಳೆದುಕೊಂಡಳು. "ಅಲ್ಲಿಗೆ ಬರುವಾಗಲೂ ಆ ಬೂಟು ಬೇಡ ಅನ್ನಿಸ್ತು. ಒಳಗೆ ಯಾರೋ ಇದ್ದಾರೆ ಅಂತ ನಾಟಕ ಆಡೋದು ಸಾಕಾಯ್ತು. ನೀನು ಇರು ಅನ್ನಲ್ಲ, ನನಗೆ ಗೊತ್ತು. ಅದಕ್ಕೇ ನಾನೇ ಮುಚ್ಚಿ ಬಂದೆ."

ಅತ್ತ ಕಡೆ ನಾಯಿಯೊಂದು ಬೊಗಳಿ ಸುಮ್ಮನಾದದ್ದು ಕೇಳಿಸಿತು. ಸಿಗ್ನಲ್ ಹೋಯಿತೇನೋ ಎಂದು ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ವರ್ಲಿನ್? ಗೇಟು ತೆಗೆದೆ ಅಂದೆಯಲ್ಲ. ಈಗ ಹೇಗಿದೆ?"

"ದಾಟಿದ ಮೇಲೆ ಮತ್ತೆ ಮುಚ್ಚಿದೆ," ಅಂದ ವರ್ಲಿನ್. "ಕುಣಿಕೆ ಸಮೇತ. ಹೇಗಿತ್ತೋ ಹಾಗೆ."