ಸಮಿತಿ ಬರೆಯದ ಉತ್ತರ

ಕೋಯಿಕ್ಕೋಡಿನ ಜುಮಾನಾಳಿಗೆ ಯಾರ ಮುಂದೆ ನಿಂತು ಮಾತಾಡಲೂ ಅಳುಕಿಲ್ಲ. ಆದರೆ ಅವಳು ಪ್ರೀತಿಸುತ್ತಿದ್ದ ಹಲ್ವಾ ಅಂಗಡಿಯ ಶಾಮಿಲ್‌ನಿಂದ ಒಂದು ಮೆಸೇಜ್ ಬಂದರೆ ಸಾಕು, ಸ್ಕ್ರೀನ್‌ಶಾಟ್ ತೆಗೆದು ಗೆಳತಿಯರ ಗ್ರೂಪಿಗೆ ಹಾಕುತ್ತಿದ್ದಳು. ಗ್ರೂಪಿನ ಹೆಸರೇ ‘ಸಮಿತಿ’. ಉತ್ತರವನ್ನು ಫಿದಾ ಹೊಸೆಯುತ್ತಿದ್ದಳು, ಇಮೋಜಿ ಹಮ್ನಾ ಆರಿಸುತ್ತಿದ್ದಳು, ಎಷ್ಟು ಹೊತ್ತು ಕಾಯಿಸಬೇಕೆಂದು ಇಬ್ಬರೂ ಸೇರಿ ತೀರ್ಪು ಕೊಡುತ್ತಿದ್ದರು. ಅವರ ಕಾಲೇಜಿನಲ್ಲಿ ಎಲ್ಲರೂ ಹೀಗೇ ಪ್ರೀತಿಸುತ್ತಿದ್ದರು.

ಅಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಫಿದಾ, ಹಮ್ನಾ ಇನ್ನೂ ಊಟದ ಸಾಲಿನಲ್ಲಿದ್ದರು. ಜುಮಾನಾ ಬಿರಿಯಾನಿಗೆ ಕೈಹಾಕಿದ್ದಳಷ್ಟೆ, ಮೆಸೇಜ್ ಬಂತು.

‘ಮದುವೆ ಮಾತಾಡೋಕೆ ಉಮ್ಮನ್ನ ನಿಮ್ಮನೆಗೆ ಕಳಿಸ್ಲಾ?’

ತಾಯಿಯನ್ನೇ ಕಳಿಸುತ್ತಾನಂತೆ! ಎಡಗೈಯಲ್ಲೇ ಟೈಪ್ ಮಾಡಿದಳು: ‘ನೋಡ್ರೇ! ಹೂಂ ಅನ್ನೋಕೆ ಬೆರಳು ಕುಣೀತಿದೆ. ಆದ್ರೆ ಅವ್ನು ಮೆಚ್ಚಿರೋದು ಫಿದಾ ಬರೆದ ಮಾತನ್ನ. ಜೀವನಪೂರ್ತಿ ನನ್ನ ಒರಟು ಬಾಯಿ ಕೇಳ್ಬೇಕು ಅಂದ್ರೆ ಹಲ್ವಾ ಅಂಗಡಿ ಮುಚ್ಚಿ ಓಡ್ತಾನೆ. ಬೇಗ ಬರ್ಕೊಡ್ರೇ!’

ಅವಸರದಲ್ಲಿ ಅದು ಸಮಿತಿಗೆ ಹೋಗಲಿಲ್ಲ, ಶಾಮಿಲ್‌ಗೇ ಹೋಯಿತು. ಅಳಿಸುವಷ್ಟರಲ್ಲಿ ಟಿಕ್ ಎರಡೂ ನೀಲಿಯಾಗಿಬಿಟ್ಟವು.

‘ಸಂಜೆ ಬೀಚಿಗೆ ಒಬ್ಳೇ ಬಾ’ ಎಂದಷ್ಟೇ ಉತ್ತರ ಬಂತು.

“ಫೋನ್ ಹ್ಯಾಕ್ ಆಗಿತ್ತು ಅಂತ ಬರಿಯೇ!” ಎಂದಳು ತಟ್ಟೆ ಹಿಡಿದು ಬಂದು ಫೋನ್ ಇಣುಕಿದ ಫಿದಾ.

“ಸಾಕು ನಿನ್ನ ಸಾಹಿತ್ಯ. ಒಪ್ಪಿದ್ರೆ ನನ್ನನ್ನ ಒಪ್ಲಿ, ಇಲ್ದಿದ್ರೆ ನಿನ್ನನ್ನೇ ಕಟ್ಕೊಳ್ಲಿ!”

ಜುಮಾನಾ ಬಾಯಲ್ಲೇನೋ ಹಾಗಂದಳು. ಅವನು ಕೈತಪ್ಪಿ ಹೋದರೆ ತಡೆದುಕೊಳ್ಳಲಾರೆನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬೀಚಿನಲ್ಲಿ ಶಾಮಿಲ್ ಉಪ್ಪುನೀರಲ್ಲಿ ನೆನೆಸಿದ ಅನಾನಸ್ ಹಿಡಿದು ನಿಂತಿದ್ದ. ಒಂದು ಹೋಳು ಅವಳತ್ತ ಚಾಚಿದ. ತುಟಿಯಂಚಿನಲ್ಲಿ ನಗು ಇತ್ತೋ ಇಲ್ಲವೋ, ತಿಳಿಯಲಿಲ್ಲ.

“‘ನೀನಿಲ್ಲದ ಸಂಜೆಗೆ ಸೂರ್ಯನೂ ಬೇಗ ಮನೆಗೆ ಹೋಗ್ತಾನೆ.’ ಯಾರದ್ದು?”

“ಫಿದಾಳ್ದು.”

“ಚಂದ್ರನ ಇಮೋಜಿಗಳು?”

“ಹಮ್ನಾಳ್ದು. ನಿನ್ನ ಆ ಹಾಳು ಹೂವಿನ ಸ್ಟಿಕ್ಕರ್‌ಗಳು ಯಾರದ್ದಪ್ಪಾ?”

“ನಂದೇ. ಅದಕ್ಕೇ ಅಷ್ಟು ಕೆಟ್ಟದಾಗಿರ್ತವೆ.” ಈಗ ನಕ್ಕೇಬಿಟ್ಟ. “ಹಾಗಾದ್ರೆ ನಿಂದು ಅಂತ ಯಾವ್ದು?”

ಜುಮಾನಾ ಕಣ್ಣು ತಗ್ಗಿಸಲಿಲ್ಲ. “ಇವತ್ತು ಮಧ್ಯಾಹ್ನದ್ದೊಂದೇ.”

“ಅದನ್ನೇ ಮತ್ತೆ ಮತ್ತೆ ಓದಿದೆ. ಮಿಕ್ಕಿದ್ದೆಲ್ಲ ಚೆನ್ನಾಗಿತ್ತು ಕಣೇ, ಆದ್ರೆ ಅಂಗಡಿಗೆ ಬಂದು ನನ್ನ ಜೊತೆ ಜಗಳ ಆಡ್ತಿದ್ಯಲ್ಲ, ಆ ಹುಡುಗಿ ಅದ್ರಲ್ಲಿ ಸಿಗ್ತಾನೇ ಇರ್ಲಿಲ್ಲ. ಇವತ್ತು ಸಿಕ್ಕಿದ್ಲು. ಉಮ್ಮಂಗೂ ತೋರಿಸ್ದೆ.”

“ಅಯ್ಯೋ! ಏನಂದ್ರು?”

“ಬೆರಳು ಕುಣೀತಿದ್ರೆ ಕುಣೀಲಿ, ಅವಳ್ಯಾಕೆ ತಡೀಬೇಕು ಅಂದ್ರು.”

ಜುಮಾನಾ ಬ್ಯಾಗಿನಿಂದ ಫೋನ್ ತೆಗೆದಳು.

“ಯಾರನ್ನ ಕೇಳ್ತೀಯ?”

“ಯಾರನ್ನೂ ಇಲ್ಲ. ಸುಮ್ನಿರು.”

ಅವನ ಪಕ್ಕದಲ್ಲೇ ನಿಂತು, ಯಾರನ್ನೂ ಕೇಳದೆ, ಒಂದು ಕ್ಷಣವೂ ಕಾಯಿಸದೆ ಬರೆದಳು. ಶಾಮಿಲ್‌ನ ಜೇಬು ಟಿಂಗ್ ಎಂದಿತು.

‘ಕಳ್ಸು. ಉಮ್ಮನ ಕೈಲಿ ಕರಿ ಹಲ್ವಾ ಇಲ್ದಿದ್ರೆ ಬಾಗಿಲು ತೆಗಿಯಲ್ಲ.’

ಅವನು ಗಟ್ಟಿಯಾಗಿ ನಕ್ಕು ಓದಿದ, ಮತ್ತೊಮ್ಮೆ ಓದಿದ. ಆಮೇಲೆ ಅವಳ ಕೈ ಹಿಡಿದುಕೊಂಡ.

“ಇದು ನೀನೇ” ಎಂದ.